ಯುಪಿಎಸ್ ಪೆಟ್ಟಿಗೆಯನ್ನು ಇನ್ನು ಮುಂದೆ ನಮ್ಮ ಫಿಟ್ಟರ್ ಬಂದು ಬಿಚ್ಚುವ ಬಗ್ಗೆ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ಯುಪಿಎಸ್ ಮತ್ತು ಇನ್ವರ್ಟರ್‌ಗಳ ಪೆಟ್ಟಿಗೆಯನ್ನು ಸೀಲ್ ಸಮೇತ ಕೌಂಟರಿನಲ್ಲಿ ಕೊಟ್ಟು ಕಳುಹಿಸುವುದನ್ನು ನಿಲ್ಲಿಸುತ್ತಿದ್ದೇವೆ. ನಮ್ಮ ಫಿಟ್ಟರ್ ನಿಮ್ಮ ಮನೆಗೋ ಅಂಗಡಿಗೋ ಬಂದು, ನಿಮ್ಮೆದುರಿಗೇ ಸೀಲ್ ತೆಗೆದು, ಅರ್ಥಿಂಗ್ ಪರೀಕ್ಷಿಸಿ, ಬ್ಯಾಟರಿ ಜೋಡಿಸಿ, ಲೋಡ್ ಕೊಟ್ಟು ತೋರಿಸಿದ ಮೇಲೆ ವಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ ಹಾಕುತ್ತಾರೆ. ಇದಕ್ಕೆ ಮಂಡ್ಯ ನಗರದೊಳಗೆ 300 ರೂಪಾಯಿ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ ಮುಂತಾದ ಕಡೆಗೆ 450 ರೂಪಾಯಿ ಶುಲ್ಕವಿರುತ್ತದೆ. ಕಂಪ್ಯೂಟರಿಗೆ ಹಾಕುವ 600 ವಿಎ ಸಣ್ಣ ಯುಪಿಎಸ್‌ಗೆ ಶುಲ್ಕವಿಲ್ಲ; ಅದನ್ನು ಅಂಗಡಿಯ ಮೇಜಿನ ಮೇಲೆಯೇ ನಿಮ್ಮ ಮುಂದೆ ಬಿಚ್ಚಿ, ನಡೆಸಿ ತೋರಿಸಿ, ಮತ್ತೆ ಕಟ್ಟಿಕೊಡುತ್ತೇವೆ. ಬೆಳಿಗ್ಗೆ ದುಡ್ಡು ಕೊಟ್ಟು, ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ, ಸಂಜೆ ಕರೆಂಟು ಹೋಗುವಷ್ಟರಲ್ಲಿ ಹಾಕಿಸಿಕೊಳ್ಳುತ್ತಿದ್ದವರಿಗೆ, ಅದರಲ್ಲೂ ಹಾಲಿನ ಡೈರಿ, ಗ್ರಾಮ ಒನ್ ಕೇಂದ್ರ, ಕ್ಲಿನಿಕ್ಕುಗಳನ್ನು ನಡೆಸುವವರಿಗೆ, ಇದರಿಂದ ಒಂದು ದಿನ ಕಾಯುವಂತಾಗುತ್ತದೆ. ಆ ತೊಂದರೆಗೆ ಮನಃಪೂರ್ವಕವಾಗಿ ಕ್ಷಮೆ ಕೋರುತ್ತೇವೆ.

ಆದರೆ ಇದನ್ನು ಏಕೆ ಮಾಡುತ್ತಿದ್ದೇವೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಒಂದೇ ದೂರು ಬೇರೆ ಬೇರೆ ಬಾಯಲ್ಲಿ ನಮಗೆ ಪದೇ ಪದೇ ಕೇಳಿಬರುತ್ತಿದೆ. ‘ಥರ್ಮೋಕೋಲಿನಿಂದ ಯುಪಿಎಸ್ ಎಳೆದು ತೆಗೆಯುವಾಗ ಕೈಗೆ ಚಟ್ ಎಂದು ಹೊಡೆಯಿತು, ಆಮೇಲೆ ಅದು ಆನ್ ಆಗಲೇ ಇಲ್ಲ, ಸ್ಟ್ಯಾಟಿಕ್ ಕರೆಂಟಿಗೆ ಬೋರ್ಡು ಸುಟ್ಟಿದೆ, ಇಂಥ ಪ್ಯಾಕಿಂಗ್‌ನಲ್ಲಿ ಕೊಟ್ಟಿದ್ದು ನೀವು, ಹೊಸದು ಕೊಡಿ’ ಎನ್ನುವುದು ಆ ದೂರು. ಹೀಗೆ ಹೇಳುವವರ ಪ್ರಾಮಾಣಿಕತೆಯ ಬಗ್ಗೆ ನಮಗೆ ಎಳ್ಳಷ್ಟೂ ಅನುಮಾನವಿಲ್ಲ. ಕೈಗೆ ಹೊಡೆದದ್ದು ನಿಜ, ಯಂತ್ರ ಆನ್ ಆಗದಿದ್ದದ್ದೂ ನಿಜ. ಮೊದಲನೆಯದರಿಂದಲೇ ಎರಡನೆಯದು ಆಯಿತು ಎಂಬುದನ್ನು ಮಾತ್ರ ನಾವು ಒಪ್ಪಲಾರೆವು.

ಎರಡು ಬೇರೆ ಬೇರೆ ವಸ್ತುಗಳು ಒಂದಕ್ಕೊಂದು ತಾಗಿ, ಉಜ್ಜಿ, ಬೇರ್ಪಟ್ಟಾಗ ಒಂದರ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ಹೋಗಿ ಕೂರುತ್ತವೆ. ಥರ್ಮೋಕೋಲ್ ಮತ್ತು ಪಾಲಿಥೀನ್ ಹೀಗೆ ಬಂದ ವಿದ್ಯುದಾವೇಶವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವ ಅದನ್ನು ಬೇಗ ಹರಿದುಹೋಗುವಂತೆ ಮಾಡುತ್ತದೆ. ನಮ್ಮದು ನಾಲೆಯ ನೀರು ಹರಿಯುವ ಸೀಮೆಯಾದರೂ, ಮಾಗಿ ಮುಗಿದು ಶಿವರಾತ್ರಿ ಹತ್ತಿರವಾಗುವ ಹೊತ್ತಿಗೆ ಮಧ್ಯಾಹ್ನದ ಗಾಳಿ ಚೆನ್ನಾಗಿ ಒಣಗಿರುತ್ತದೆ. ಈ ದೂರುಗಳು ಹೆಚ್ಚಾಗಿ ಬರುವುದೂ ಆ ತಿಂಗಳುಗಳಲ್ಲಿಯೇ. ಮನುಷ್ಯನ ಕೈಗೆ ಅನುಭವಕ್ಕೆ ಬರಬೇಕಾದರೆ ಈ ಸ್ಥಿರ ವಿದ್ಯುತ್ತು, ಅಂದರೆ ಸ್ಟ್ಯಾಟಿಕ್, ಸುಮಾರು 3,000 ವೋಲ್ಟ್ ಇರಬೇಕು. ಸಂಖ್ಯೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ದೇಹ ಹಿಡಿದಿಟ್ಟುಕೊಳ್ಳಬಲ್ಲ ಆವೇಶ ಅತ್ಯಲ್ಪವಾದ್ದರಿಂದ ಆ ಕಿಡಿಯಲ್ಲಿರುವ ಶಕ್ತಿ ಅರ್ಧ ಮಿಲಿಜೂಲ್ ಕೂಡ ಇರುವುದಿಲ್ಲ. 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಸೆಕೆಂಡಿನಲ್ಲಿ ಬಳಸುವ ಶಕ್ತಿಯ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು ಅದು.

ಮುಚ್ಚಿದ ಕ್ಯಾಬಿನೆಟ್ಟಿನ ಮೇಲೆ ಇಂಥ ಕಿಡಿ ಬಿದ್ದರೆ ಒಳಗಿನ ಬೋರ್ಡು ಸುಡುವುದಿಲ್ಲ ಎಂದು ನಾವು ಧೈರ್ಯವಾಗಿ ಹೇಳುವುದಕ್ಕೆ ಕಾರಣವಿದೆ. ಎಲೆಕ್ಟ್ರಾನಿಕ್ ಸಾಧನಗಳನ್ನು ಸ್ಥಿರ ವಿದ್ಯುತ್ತಿಗಾಗಿ ಪರೀಕ್ಷಿಸಲು ಐಇಸಿ 61000-4-2 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ, ಮಟ್ಟಕ್ಕೆ ತಕ್ಕಂತೆ 2,000ದಿಂದ 8,000 ವೋಲ್ಟ್‌ವರೆಗಿನ ಆವೇಶವನ್ನು ಪರೀಕ್ಷಾ ಗನ್ನಿನಿಂದ ಸಾಧನದ ಮೈಗೆ ನೇರವಾಗಿ ತಾಗಿಸಿ, ಅದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡುತ್ತಾರೆ. ಥರ್ಮೋಕೋಲಿನಿಂದ ಬಂದ ಒಂದು ಚಟ್ ಶಬ್ದಕ್ಕೆ ಕೆಡುವಂಥ ಮಾಲನ್ನು ನಾವು ಅಂಗಡಿಯಲ್ಲಿ ಇಡುವುದಿಲ್ಲ.

ಹಾಗಾದರೆ ಯುಪಿಎಸ್ ಆನ್ ಆಗದಿದ್ದದ್ದೇಕೆ? ಒಳಗೇ ಬ್ಯಾಟರಿ ಇರುವ ಯುಪಿಎಸ್‌ಗಳಲ್ಲಿ, ಸಾಗಾಣಿಕೆಯ ಸುರಕ್ಷತೆಗಾಗಿ, ಬ್ಯಾಟರಿಯ ಒಂದು ಕನೆಕ್ಟರನ್ನು ಕಾರ್ಖಾನೆಯಲ್ಲೇ ಬಿಡಿಸಿ ಕಳುಹಿಸುವುದು ರೂಢಿ. ಅದನ್ನು ಸಿಕ್ಕಿಸದೆ ಗುಂಡಿ ಒತ್ತಿದರೆ ಯಂತ್ರ ಉಸಿರೆತ್ತುವುದಿಲ್ಲ. ಕನೆಕ್ಟರ್ ಸಿಕ್ಕಿಸಿದ್ದರೂ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಇದ್ದ ಬ್ಯಾಟರಿ ತಾನಾಗಿಯೇ ಇಳಿದಿರುತ್ತದೆ. ಕೆಲವು ಗಂಟೆ ಚಾರ್ಜ್ ಆಗದೆ ಬ್ಯಾಕಪ್ ಕೊಡುವುದಿಲ್ಲ. ಇಂಥವನ್ನು ‘ಬೋರ್ಡು ಸುಟ್ಟಿದೆ’ ಎಂಬ ದೂರಿನೊಂದಿಗೆ ನಾವು ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಕಳುಹಿಸುತ್ತೇವೆ, ಅಲ್ಲಿಂದ ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಂದಿಗೆ ಅವು ಹಿಂದಿರುಗುತ್ತವೆ. ಹೋಗಿ ಬರುವ ಎರಡೂ ಕಡೆಯ ಸಾಗಣೆ ವೆಚ್ಚವನ್ನು ನಾವೇ ಕೊಟ್ಟಿದ್ದೇವೆ. ಇದುವರೆಗೆ ಯಾವ ಗ್ರಾಹಕರಿಂದಲೂ ಅದನ್ನು ಕೇಳಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರವಾದದ್ದು. ಕೆಲವರು ಸ್ಟ್ಯಾಟಿಕ್ ಎಂದು ಹೇಳುವುದು ಸ್ಟ್ಯಾಟಿಕ್ ಅಲ್ಲವೇ ಅಲ್ಲ. ಚಟ್ ಎಂದು ಒಮ್ಮೆ ಹೊಡೆದು ಮುಗಿದುಹೋದರೆ ಅದು ಸ್ಥಿರ ವಿದ್ಯುತ್ತು. ಪ್ಲಗ್ ಹಾಕಿದ ಮೇಲೆ ಯುಪಿಎಸ್‌ನ ಲೋಹದ ಭಾಗ ಮುಟ್ಟಿದಾಗ, ಕೈ ಇಟ್ಟಷ್ಟು ಹೊತ್ತೂ ಜುಮ್ಮೆನ್ನುತ್ತಿದ್ದರೆ, ಟೆಸ್ಟರ್ ಇಟ್ಟರೆ ದೀಪ ಹತ್ತಿದರೆ, ನಿಮ್ಮ ಸಾಕೆಟ್ಟಿನಲ್ಲಿ ಅರ್ಥ್ ಇಲ್ಲ ಎಂಬ ಅನುಮಾನ ಬರಬೇಕು. ಯುಪಿಎಸ್ ಒಳಗಿನ ಫಿಲ್ಟರಿನಲ್ಲಿ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಸಣ್ಣ ಕೆಪಾಸಿಟರುಗಳಿರುತ್ತವೆ. ಅರ್ಥ್ ವೈರ್ ಇದ್ದರೆ ಅವುಗಳ ಮೂಲಕ ಸೋರುವ ಕರೆಂಟು ನೆಲಕ್ಕೆ ಇಳಿಯುತ್ತದೆ, ಇಲ್ಲದಿದ್ದರೆ ಕ್ಯಾಬಿನೆಟ್ಟು 230 ವೋಲ್ಟ್‌ನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್‌ನಲ್ಲಿ ನಿಂತುಬಿಡುತ್ತದೆ. ಆ ಕರೆಂಟು ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿಗಿಂತ ಕಡಿಮೆ ಇರುವುದರಿಂದ ಜುಮ್ಮೆನ್ನುವುದರಲ್ಲೇ ಮುಗಿಯುತ್ತದೆ. ಆದರೆ ಅರ್ಥ್ ಇಲ್ಲದ ಮನೆಯಲ್ಲಿ ನಾಳೆ ಒಳಗಿನ ಫೇಸ್ ವೈರೇ ಕ್ಯಾಬಿನೆಟ್ಟಿಗೆ ತಾಗಿದರೆ ಅದು ಜೀವಕ್ಕೇ ಅಪಾಯ. ಮೂರು ರಂಧ್ರದ ಸಾಕೆಟ್ ಕಂಡ ಮಾತ್ರಕ್ಕೆ ಹಿಂದೆ ಅರ್ಥ್ ವೈರ್ ಇದೆ ಎಂದು ನಂಬಲಾಗದ ಮನೆಗಳು ನಮ್ಮ ಊರಿನಲ್ಲಿ ಇನ್ನೂ ಇವೆ. ಫಿಟ್ಟರ್ ಬಂದು ಮೊದಲು ಮೀಟರ್ ಹಿಡಿದು ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎಷ್ಟು ವೋಲ್ಟ್ ಎಂದು ಅಳೆಯಬೇಕು ಎಂದು ನಾವು ಹಟ ಹಿಡಿದಿರುವುದು ಇದಕ್ಕಾಗಿ. ಈ ಒಂದು ಪರೀಕ್ಷೆಗಾಗಿಯೇ 300 ರೂಪಾಯಿ ಕೊಟ್ಟರೂ ನಷ್ಟವಿಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಸ್ಥಿರ ವಿದ್ಯುತ್ತಿಗೆ ಹೆದರಲೇಬೇಕಾದ ಜಾಗಗಳೂ ಇವೆ. ಕ್ಯಾಬಿನೆಟ್ ತೆರೆದ ಮೇಲೆ ಕಾಣುವ ಬೋರ್ಡು ಮತ್ತು ದೊಡ್ಡ ಯುಪಿಎಸ್‌ಗಳ ಜೊತೆ ಬೇರೆಯಾಗಿ ಬರುವ ನೆಟ್‌ವರ್ಕ್ ಕಾರ್ಡು ಅಂಥವು. ಅವುಗಳ ಮೇಲಿನ ಕೆಲವು ಚಿಪ್ಪುಗಳು 100 ವೋಲ್ಟ್‌ಗಿಂತ ಕಡಿಮೆ ಆವೇಶಕ್ಕೂ ಹಾಳಾಗಬಲ್ಲವು. ಅಷ್ಟು ಕಡಿಮೆ ಇದ್ದಾಗ ನಿಮ್ಮ ಬೆರಳಿಗೆ ಏನೂ ತಿಳಿಯುವುದೇ ಇಲ್ಲ. ಒಮ್ಮೊಮ್ಮೆ ಚಿಪ್ಪು ಅರೆಬರೆ ಪೆಟ್ಟು ತಿಂದು, ಅಂದು ಸರಿಯಾಗಿ ನಡೆದು, ಕೆಲವು ವಾರಗಳ ನಂತರ ಕೈಕೊಡುತ್ತದೆ. ಆದ್ದರಿಂದ ಬೆಳ್ಳಿ ಬಣ್ಣದ ಚೀಲದಲ್ಲಿ ಬರುವ ಕಾರ್ಡನ್ನು ದಯವಿಟ್ಟು ನೀವೇ ಹೊರಗೆ ತೆಗೆಯಬೇಡಿ, ಥರ್ಮೋಕೋಲಿನ ಮೇಲಂತೂ ಖಂಡಿತ ಇಡಬೇಡಿ. ನಮ್ಮ ಫಿಟ್ಟರ್ ಮಣಿಕಟ್ಟಿಗೆ ಅರ್ಥ್ ಪಟ್ಟಿ ಕಟ್ಟಿಕೊಂಡೇ ಅದನ್ನು ಮುಟ್ಟುತ್ತಾರೆ. ಆ ಪಟ್ಟಿಯಲ್ಲಿ ಒಂದು ಮೆಗಾಓಮ್ ರೆಸಿಸ್ಟರ್ ಇರುವುದರಿಂದ ಮೈಮೇಲಿನ ಆವೇಶ ನಿಧಾನವಾಗಿ ಇಳಿಯುತ್ತದೆ, ಕಟ್ಟಿಕೊಂಡವರಿಗೂ ರಕ್ಷಣೆ ಸಿಗುತ್ತದೆ.

ಬ್ಯಾಟರಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಮುಟ್ಟಿದರೆ ಹೊತ್ತಿಕೊಳ್ಳಬಲ್ಲದು, ಹೊತ್ತಿಸಲು ಬೇಕಾದ ಶಕ್ತಿ ಸುಮಾರು 0.02 ಮಿಲಿಜೂಲ್ ಮಾತ್ರ. ಬೋರ್ಡಿನ ಕ್ಯಾಬಿನೆಟ್ಟಿಗೆ ಏನೂ ಮಾಡದ ಅದೇ ಕಿಡಿಯಲ್ಲಿ ಇದರ ಇಪ್ಪತ್ತು ಪಟ್ಟು ಶಕ್ತಿ ಇರುತ್ತದೆ. ಹೊಸ ಬ್ಯಾಟರಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಡಿಸಿ, ಪೂಜೆಗೆ ಮುಂಚೆ ಫಳಫಳ ಹೊಳೆಯಲಿ ಎಂದು ಒಣಬಟ್ಟೆಯಿಂದ ಉಜ್ಜುವ ಅಭ್ಯಾಸ ನಮ್ಮಲ್ಲಿದೆ. ಬ್ಯಾಟರಿಯನ್ನು ಒಣಬಟ್ಟೆಯಿಂದ ಉಜ್ಜಬಾರದು, ತೇವದ ಹತ್ತಿಬಟ್ಟೆಯಿಂದ ಒರೆಸಬೇಕು ಎಂದು ತಯಾರಕರ ಕೈಪಿಡಿಗಳಲ್ಲೇ ಇರುತ್ತದೆ. ಆಯುಧಪೂಜೆಯ ದಿನವೂ ಇದನ್ನು ದಯವಿಟ್ಟು ನೆನಪಿಡಿ, ಗಾಳಿಯಾಡದ ಮೂಲೆಯಲ್ಲಿ ಬ್ಯಾಟರಿ ಇಟ್ಟಿರುವವರು ವಿಶೇಷವಾಗಿ.

ಈಗ ದುಡ್ಡಿನ ಮಾತು. ‘ಸರ್ಕಾರ ತೆರಿಗೆ ಇಳಿಸಿದರೆ ಇವರು ಪೆಟ್ಟಿಗೆ ಬಿಚ್ಚುವುದಕ್ಕೂ ದುಡ್ಡು ಹಾಕಿದರು’ ಎಂಬ ಮಾತು ನಮ್ಮ ಕಿವಿಗೆ ಬಿದ್ದಿದೆ, ಅದು ನೋವನ್ನೂ ಕೊಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ಲೆಡ್ ಆಸಿಡ್ ಬ್ಯಾಟರಿಯ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆಗೆ ಮುಂಚೆ 10,000 ರೂಪಾಯಿ ಇದ್ದ ಬ್ಯಾಟರಿ 12,800ರ ಬದಲು 11,800ಕ್ಕೆ ಸಿಗುವಂತಾಯಿತು, ಆ ಸಾವಿರ ರೂಪಾಯಿ ಪೂರ್ತಿಯಾಗಿ ನಿಮಗೇ ಸೇರಿದೆ. ಹಳೆಯ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಅಂಗಡಿಗೆ ತಂದರೆ ಲೆಕ್ಕ ತೋರಿಸುತ್ತೇವೆ. ಯುಪಿಎಸ್ ಮತ್ತು ಇನ್ವರ್ಟರಿನ ತೆರಿಗೆ ಮೊದಲೂ ಶೇಕಡಾ 18 ಇತ್ತು, ಈಗಲೂ ಅಷ್ಟೇ ಇದೆ. ಅದರಲ್ಲಿ ಇಳಿಸುವುದಕ್ಕೆ ಏನೂ ಇರಲಿಲ್ಲ. ನಾವು ಪಡೆಯುವ 300 ರೂಪಾಯಿಯಲ್ಲೂ ತೆರಿಗೆ ಸೇರಿದೆ. ಅದನ್ನು ಕಳೆದರೆ ಕೈಯಲ್ಲಿ ಉಳಿಯುವುದು ಸುಮಾರು 254. ಅದರಲ್ಲಿ ಫಿಟ್ಟರಿನ ಕೂಲಿ, ಪೆಟ್ರೋಲು, ಅರ್ಥ್ ಪಟ್ಟಿ ಮತ್ತು ಮ್ಯಾಟ್ ಎಲ್ಲ ಬರಬೇಕು. 150 ಎಎಚ್‌ನ ಟ್ಯೂಬುಲರ್ ಬ್ಯಾಟರಿ 50 ಕಿಲೋಗೂ ಹೆಚ್ಚು ತೂಗುತ್ತದೆ, ಮಹಡಿ ಮನೆಯಾದರೆ ಹೊರಲು ಇನ್ನೊಬ್ಬರನ್ನು ಕಳುಹಿಸಲೇಬೇಕು, ಆ ಕೂಲಿಯನ್ನು ನಿಮ್ಮ ಬಿಲ್ಲಿಗೆ ಸೇರಿಸುತ್ತಿಲ್ಲ. ಇದರಲ್ಲಿ ನಮಗೆ ಲಾಭವಿದೆ ಎಂದು ಯಾರಾದರೂ ಹೇಳಿದರೆ ಅವರು ಒಂದು ದಿನ ನಮ್ಮ ಫಿಟ್ಟರಿನ ಜೊತೆ ಹೋಗಿ ಬರಲಿ ಎಂದು ಕೇಳಿಕೊಳ್ಳುತ್ತೇವೆ.

ನಿಮ್ಮೆದುರಿಗೆ ಬಿಚ್ಚಿದ ಪೆಟ್ಟಿಗೆಯಲ್ಲಿ ಯಂತ್ರ ನಡೆಯದಿದ್ದರೆ, ಕಾರಣ ಏನೇ ಇರಲಿ, ವಾದ ಮಾಡದೆ ಅಂದೇ ಬದಲಿ ಯಂತ್ರ ತರುತ್ತೇವೆ, ಶುಲ್ಕವನ್ನೂ ಹಿಂದಿರುಗಿಸುತ್ತೇವೆ. ಅರ್ಥಿಂಗ್ ಸರಿಯಿಲ್ಲ ಎಂದು ಕಂಡರೆ ಫಿಟ್ಟರ್ ಅದನ್ನು ಬರೆದುಕೊಡುತ್ತಾರೆ. ಅದನ್ನು ನಿಮಗೆ ಪರಿಚಯವಿರುವ ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಸರಿಪಡಿಸಿಕೊಳ್ಳಬಹುದು, ನಮ್ಮಿಂದಲೇ ಮಾಡಿಸಬೇಕು ಎಂಬ ಒತ್ತಾಯವಿಲ್ಲ. ಸರಿಯಾದ ಮೇಲೆ ಎರಡನೆಯ ಸಲ ಬರುವುದಕ್ಕೆ ಹಣ ಕೇಳುವುದಿಲ್ಲ.

ಈ ತಿಂಗಳೊಳಗೆ ಮುಂಗಡ ಕೊಟ್ಟಿರುವವರಿಗೆ ಹೊಸ ಶುಲ್ಕ ಅನ್ವಯಿಸುವುದಿಲ್ಲ, ಆದರೆ ಫಿಟ್ಟರ್ ಮಾತ್ರ ಬಂದೇ ಬರುತ್ತಾರೆ. ಹಿಂದೆ ಕೊಂಡವರಲ್ಲಿ ಯಾರಿಗಾದರೂ ಯುಪಿಎಸ್ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ, ಎಷ್ಟೇ ಹಳೆಯ ಬಿಲ್ಲಾಗಿದ್ದರೂ, ಬಿಲ್ಲು ಕಳೆದುಹೋಗಿದ್ದರೂ, ಅಂಗಡಿಗೆ ಹೇಳಿಕಳುಹಿಸಿ. ಈ ಒಂದು ಪರೀಕ್ಷೆಯನ್ನು ಹಳೆಯ ಗ್ರಾಹಕರಿಗೆ ಉಚಿತವಾಗಿ ಮಾಡಿಕೊಡುತ್ತೇವೆ. ನಾವು ಬರುವ ತನಕ ಆ ಯುಪಿಎಸ್‌ನ ಪ್ಲಗ್ ತೆಗೆದಿಡಿ, ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಮಾಲೀಕರು ಮತ್ತು ಸಿಬ್ಬಂದಿ
ಮಂಡ್ಯ