ಕಾಡಿನ ಶಿಬಿರದ ಬಗ್ಗೆ 8 ಮತ್ತು 9ನೇ ತರಗತಿಯ ಪೋಷಕರಿಗೆ

ಪ್ರಿಯ ಪೋಷಕರೇ,

ನಮಸ್ಕಾರ. ನವೆಂಬರ್ 12ರಿಂದ 14ರವರೆಗೆ ನಿಮ್ಮ ಮಕ್ಕಳನ್ನು ಕಕ್ಕಬ್ಬೆ ಕಡೆಯ ಒಂದು ಕಾಡಂಚಿನ ಲಾಡ್ಜ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ಎರಡು ರಾತ್ರಿ ಅಲ್ಲೇ ಉಳಿಯುತ್ತಾರೆ. ಕಾಫಿ ಕುಯ್ಲು ಜೋರಾಗುವ ಮೊದಲು, ನಮ್ಮ ಸುಗ್ಗಿ ಹಬ್ಬ ಪುತ್ತರಿಗೂ ಮೊದಲು ಮನೆ ಸೇರಬೇಕು ಅಂತಲೇ ಈ ದಿನಗಳನ್ನು ಆರಿಸಿದ್ದು. ಮಕ್ಕಳ ದಿನಾಚರಣೆ ಈ ಸಲ ಕಾಡಿನಲ್ಲೇ.

ವಿಷಯ ತಿಳಿದ ಮೇಲೆ ನಿಮ್ಮಲ್ಲಿ ಹಲವರು ಕೇಳಿದ್ದು ಒಂದೇ ಮಾತು. ನಾವೇ ಕೊಡಗಿನವರು, ಮನೆ ಹಿಂದೇನೇ ಮರಗಿಡ ಇದೆ, ದುಡ್ಡು ಕೊಟ್ಟು ಕಾಡು ತೋರಿಸುವುದು ಯಾಕೆ ಅಂತ. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಮಕ್ಕಳು ದಿನಾ ನೋಡುವುದು ತೋಟವನ್ನು, ಕಾಡನ್ನಲ್ಲ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ತಡಿಯಂಡಮೋಳ್ ಬೆಟ್ಟದ ಸುತ್ತ ಇರುವ ಪಾಡಿನಾಲ್ಕುನಾಡು ಅರಣ್ಯ ಬೇರೆಯದೇ ಲೋಕ. ಅದು ಅಸಲಿ ಮಳೆಕಾಡು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿಯ ಜೊತೆ ಈ ಕಾಡೂ ಅದರಲ್ಲಿತ್ತು. ಮಳೆಕಾಡು ಅಂದರೆ ನಮ್ಮ ಮಕ್ಕಳು ಅಮೆಜಾನ್ ಅನ್ನುತ್ತಾರೆ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ ಒಂದಿದೆ ಅಂತ ಅವರಿಗೆ ಗೊತ್ತಾಗಬೇಕಲ್ವಾ?

ಆದರೆ ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಬೇರೆ ಕಾರಣಕ್ಕೆ. ಆ ಕಾಡನ್ನು ಮಕ್ಕಳಿಗೆ ಯಾರು ತೋರಿಸುತ್ತಾರೆ, ಹೇಗೆ ತೋರಿಸುತ್ತಾರೆ ಅನ್ನುವುದು ನನಗೆ ತುಂಬಾ ಮುಖ್ಯ.

ಲಾಡ್ಜ್‌ನವರು ಮೊದಲು ಕಳಿಸಿದ ಪಟ್ಟಿಯಲ್ಲಿ 'ಜೇನು ತೆಗೆಯುವ ಡೆಮೊ' ಅಂತ ಇತ್ತು. ಸಂಜೆಗೆ ಕ್ಯಾಂಪ್‌ಫೈರ್, ಅದರ ಸುತ್ತ 'ಟ್ರೈಬಲ್ ಡ್ಯಾನ್ಸ್' ಅಂತ ಇತ್ತು. ಎರಡೂ ಬೇಡ ಅಂದೆವು. ಹೆಜ್ಜೇನು ಇಳಿಸುವ ಕೆಲಸ ಬೇಸಿಗೆಯದು, ಏಪ್ರಿಲ್‌ನಿಂದ ಮಳೆ ಹಿಡಿಯುವ ತನಕ. ನವೆಂಬರ್‌ನಲ್ಲಿ ಖಾಲಿ ಮರ ಹತ್ತಿಸಿ, ಸುಮ್ನೆ ಹೊಗೆ ಹಾಕಿಸಿ ಫೋಟೋ ತೆಗೆಯುವುದರಲ್ಲಿ ಮಕ್ಕಳು ಕಲಿಯುವುದೇನು? ಕುಣಿತದ ಮಾತೂ ಅಷ್ಟೆ. ಪುತ್ತರಿ ಕೋಲಾಟ್ ಊರ ಮೈದಾನವಾದ ಮಂದ್‌ನಲ್ಲಿ ಆಡುವಂಥದ್ದು, ಪುತ್ತರಿಗೆ ಆಡುವಂಥದ್ದು. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಜೇನು ಕುರುಬರು, ಯರವರು ಎಂಬ ಬುಡಕಟ್ಟು ಜನ ವೇಷ ಹಾಕಿ ಕುಣಿಯುವುದು ದೇವರ ಹರಕೆಗೆ. ಊಟದ ಹೊತ್ತಿಗೆ ಬಂದ ಅತಿಥಿಗಳಿಗೆ ಅಲ್ಲ. ನಮ್ಮ ಮನೆಯ ಪೂಜೆಯನ್ನು ಯಾರಾದರೂ ಟಿಕೆಟ್ ಇಟ್ಟು ಮಾಡಿಸಿದರೆ ನಮಗೆ ಹೇಗಾಗುತ್ತದೆ, ಯೋಚಿಸಿ. ಲಾಡ್ಜ್‌ನವರು ನಮ್ಮ ಮಾತು ಒಪ್ಪಿಕೊಂಡರು. ಅದು ನನಗೆ ಸಮಾಧಾನ ತಂದಿದೆ.

ಇನ್ನೊಂದು ವಿಷಯವನ್ನು ನೇರವಾಗಿ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಯರವರ, ಜೇನು ಕುರುಬರ, ಬೆಟ್ಟ ಕುರುಬರ ಮಕ್ಕಳು ಓದುತ್ತಿದ್ದಾರೆ. ಕೆಲವರು ಹಾಡಿಯಿಂದ, ಅಂದರೆ ಬುಡಕಟ್ಟು ಜನರ ಪುಟ್ಟ ಊರಿನಿಂದ ಬರುತ್ತಾರೆ, ಕೆಲವರು ತೋಟದ ಕೆಲಸಗಾರರ ಲೈನ್ ಮನೆಗಳಿಂದ. ತರಗತಿಯಲ್ಲಿ ಇವರಲ್ಲಿ ಹೆಚ್ಚಿನವರು ಹಿಂದಿನ ಬೆಂಚು. ಕಳೆದ ಮಳೆಗಾಲದಲ್ಲಿ ವಿಜ್ಞಾನದ ಮೇಷ್ಟ್ರು ಮಕ್ಕಳನ್ನು ಗದ್ದೆ ಬದುವಿಗೆ ಕರೆದುಕೊಂಡು ಹೋಗಿದ್ದರು. ಬದುವಿನ ತುಂಬ ಬಿಲ. ಯಾವುದರಲ್ಲಿ ಏಡಿ ಇದೆ ಅಂತ ಕೇಳಿದರು. ಎಲ್ಲರೂ ಕಡ್ಡಿ ಹಾಕಿ ನೋಡಿದರು. ತರಗತಿಯಲ್ಲಿ ಬಾಯೇ ಬಿಡದ ಒಬ್ಬ ಹುಡುಗಿ ಮುಂದೆ ಬಂದಳು, ಬಗ್ಗಿ ನೋಡಿದಳು, ಒಂದು ಬಿಲದ ಬಾಯಲ್ಲಿದ್ದ ಹಸಿ ಮಣ್ಣಿನ ಉಂಡೆಗಳನ್ನು ತೋರಿಸಿದಳು. ರಾತ್ರಿ ಅದು ಮಣ್ಣು ಹೊರಗೆ ಹಾಕಿದೆ, ಹಾಗಾಗಿ ಒಳಗಿದೆ ಅಂದಳು. ಪಕ್ಕದ ಬಿಲದ ಬಾಯಿ ಒಣಗಿ ಜೇಡ ಬಲೆ ಕಟ್ಟಿತ್ತು. ಅದು ಖಾಲಿ ಅಂತ ಮುಟ್ಟದೆಯೇ ಹೇಳಿದಳು. ವಿಜ್ಞಾನ ಅಂದರೆ ಇದೇ ಅಲ್ವಾ? ಆದರೆ ಇದಕ್ಕೆ ನಮ್ಮ ಪರೀಕ್ಷೆಯಲ್ಲಿ ಅಂಕ ಇಲ್ಲ.

ಹಾಗಾಗಿ ಈ ಶಿಬಿರದಲ್ಲಿ ಪಾಠ ಹೇಳುವವರು ನಮ್ಮ ಶಾಲೆಯ ಹಾಡಿ ಮಕ್ಕಳ ಅಪ್ಪ ಅಮ್ಮಂದಿರು, ಜೊತೆಗೆ ಕಕ್ಕಬ್ಬೆ ಬೆಟ್ಟದ ಕುಡಿಯ ಸಮುದಾಯದ ಹಿರಿಯರು. ನಾವು ಶಿಕ್ಷಕರು ಮಕ್ಕಳ ಜೊತೆ ಕೂತು ಕೇಳುತ್ತೇವೆ.

ಮೊದಲ ದಿನ ಲಾಡ್ಜ್‌ನ ಸ್ವಂತ ಜಾಗದಲ್ಲಿ ಕಾಡುಗೆಣಸು ಅಗೆಯುವುದು. ಮೀಸಲು ಅರಣ್ಯದಲ್ಲಿ ನಾವು ಒಂದು ಎಲೆಯನ್ನೂ ಕೀಳುವ ಹಾಗಿಲ್ಲ, ಅದು ನೆನಪಿರಲಿ. ಗೆಣಸು ಅಗೆಯುವುದು ನೋಡಲು ಸುಲಭ, ಮಾಡಲು ಕಷ್ಟ. ಬಳ್ಳಿ ಹಿಡಿದು ಬುಡ ಹುಡುಕಬೇಕು. ಕೋಲಿನಿಂದ ಪಕ್ಕದ ಮಣ್ಣು ಬಿಡಿಸುತ್ತಾ ಹೋಗಬೇಕು, ಗೆಡ್ಡೆಗೆ ಪೆಟ್ಟಾಗಬಾರದು. ತಿನ್ನುವ ಭಾಗವನ್ನು ಮುರಿದುಕೊಂಡು, ಬಳ್ಳಿ ಅಂಟಿರುವ ತಲೆಯನ್ನು ಮಣ್ಣಿನಲ್ಲೇ ಬಿಟ್ಟು ಗುಂಡಿ ಮುಚ್ಚಬೇಕು. ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಗೆಣಸು ಇರುತ್ತದೆ. ಸಂಜೆ ಅದನ್ನೇ ಕೆಂಡದಲ್ಲಿ ಸುಟ್ಟು ತಿನ್ನುತ್ತೇವೆ. ಬೆಂಕಿ ಬೇಕು ಅನ್ನುವ ಮಕ್ಕಳಿಗೆ ಬೆಂಕಿಯೂ ಆಯಿತು!

ಎರಡನೇ ದಿನ ಬೆಳಗ್ಗೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರ ಸಿಬ್ಬಂದಿ ಜೊತೆಯಲ್ಲಿ ಕಾಡಿನ ನಡಿಗೆ. ದೊಡ್ಡ ಮಂಗಟ್ಟೆ ಹಕ್ಕಿ ಸಿಕ್ಕರೆ ಮಕ್ಕಳ ಪುಣ್ಯ. ಕಾಣುವ ಮೊದಲೇ ಅದರ ರೆಕ್ಕೆಯ ಸದ್ದು ಕೇಳುತ್ತದೆ, ಯಾರೋ ಜೋರಾಗಿ ಉಸಿರು ಬಿಟ್ಟ ಹಾಗೆ. ಧೂಪದಂಥ ಮರಗಳ ಹಣ್ಣು ನುಂಗಿ ದೂರ ದೂರಕ್ಕೆ ಬೀಜ ಉದುರಿಸುವುದು ಅದೇ. ಬೈನೆ ಮರದ ಬಗ್ಗೆ ಕುಡಿಯ ಹಿರಿಯರು ಹೇಳುತ್ತಾರೆ. ಹೆಂಡದ ಮರ ಅಂತ ಒಬ್ಬರು ಪೋಷಕರು ಬೇಜಾರು ಮಾಡಿಕೊಂಡಿದ್ದಾರೆ. ಮಕ್ಕಳು ಹೆಂಡದ ರುಚಿ ನೋಡುವುದಿಲ್ಲ, ಖಂಡಿತ. ಆದರೆ ಆ ಮರದ ತಿರುಳಿನ ಹಿಟ್ಟು ಬರಗಾಲದಲ್ಲಿ ಜನರ ಹೊಟ್ಟೆ ತುಂಬಿಸಿದೆ. ಸೊಪ್ಪು ಆನೆಗೆ ಪ್ರಾಣ. ಅದನ್ನು ಬಿಟ್ಟು ಈ ಕಾಡಿನ ಪಾಠ ಮಾಡಲು ಆಗುವುದಿಲ್ಲ.

ಮಧ್ಯಾಹ್ನ ಒಂದು ದೇವರಕಾಡಿಗೆ ಹೋಗುತ್ತೇವೆ, ಊರ ಹಿರಿಯರಾದ ತಕ್ಕರ ಒಪ್ಪಿಗೆ ಪಡೆದು, ಚಪ್ಪಲಿ ಹೊರಗೆ ಬಿಟ್ಟು. ಕೊಡಗಿನಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ. ನೂರು ವರ್ಷದ ಹಿಂದೆ ಇದ್ದ ಜಾಗದಲ್ಲಿ ಈಗ ಉಳಿದಿರುವುದು ಅರ್ಧಕ್ಕಿಂತ ಕಡಿಮೆ. ಬಾಕಿ ಜಾಗ ಎಲ್ಲಿ ಹೋಯಿತು ಅಂತ ಮಕ್ಕಳು ಮನೆಗೆ ಬಂದು ಕೇಳಬಹುದು. ದಯವಿಟ್ಟು ಉತ್ತರ ಕೊಡಿ.

ರಾತ್ರಿ ಊಟವಾದ ಮೇಲೆ 9ನೇ ತರಗತಿಯವರಿಗೆ ನಾಗರಹೊಳೆಯ ಕಥೆ ಹೇಳುತ್ತೇನೆ. ಅಲ್ಲಿ ಹಾಡಿಯ ಜನರನ್ನು ಕಾಡಿನಿಂದ ಹೊರಗೆ ಕಳಿಸುತ್ತಿದ್ದ ಕಾಲದಲ್ಲೇ, 1990ರ ದಶಕದಲ್ಲಿ, ಕಾಡಿನ ಒಳಗೆ ರೆಸಾರ್ಟ್ ಮಾಡಲು ಒಂದು ಹೋಟೆಲ್ ಕಂಪನಿಗೆ ಜಾಗ ಗುತ್ತಿಗೆ ಕೊಟ್ಟಿದ್ದರು. ಹಾಡಿಯವರು ಸಂಘಟನೆ ಕಟ್ಟಿ ಹೈಕೋರ್ಟಿಗೆ ಹೋದರು. 1997ರಲ್ಲಿ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಕಾಡಿನ ಜನರ ಹಕ್ಕನ್ನು ಒಪ್ಪುವ ಅರಣ್ಯ ಹಕ್ಕು ಕಾಯ್ದೆ ಬಂದದ್ದು ಆಮೇಲೆ, 2006ರಲ್ಲಿ. ಲಾಡ್ಜ್‌ನಲ್ಲಿ ಮಲಗುವ ಮಕ್ಕಳಿಗೆ ಇದು ಗೊತ್ತಿರಬೇಕು.

ಈಗ ನಿಮ್ಮ ಭಯದ ವಿಷಯ. ಆನೆ ಇದೆ. ಬೆಳಗ್ಗೆ 7ಕ್ಕೆ ಮೊದಲು, ಸಂಜೆ 5ರ ನಂತರ ಯಾರೂ ಲಾಡ್ಜ್‌ನ ಬೇಲಿ ದಾಟುವುದಿಲ್ಲ. ರಾತ್ರಿಯಿಡೀ ಒಂದು ಜೀಪ್ ಮತ್ತು ಡ್ರೈವರ್ ಅಲ್ಲೇ ಇರುತ್ತಾರೆ. ಇಂಬಳ (ಜಿಗಣೆ) ಹತ್ತುತ್ತದೆ, ಹತ್ತುವುದಿಲ್ಲ ಅಂತ ನಾನು ಮಾತು ಕೊಡಲಾರೆ. ಕಿತ್ತು ಎಳೆಯಬಾರದು, ಉಗುರಿನಿಂದ ಮೆಲ್ಲಗೆ ಜಾರಿಸಬೇಕು. ಆಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಅದು ಸಹಜ. ಉದ್ದ ಕಾಲುಚೀಲ, ಟಾರ್ಚ್, ಸ್ವೆಟರ್ ಕಳಿಸಿ. ಅಲರ್ಜಿ, ಫಿಟ್ಸ್, ಆಸ್ತಮಾ ಇದ್ದರೆ ಮುಚ್ಚಿಡಬೇಡಿ. ಮೊಬೈಲ್ ಬೇಡ. ಶಾಲೆಯ ಕ್ಯಾಮೆರಾ ಒಂದೇ ಇರುತ್ತದೆ, ಯಾರ ಫೋಟೋ ತೆಗೆಯುವುದಿದ್ದರೂ ಅವರನ್ನು ಕೇಳಿಯೇ ತೆಗೆಯುತ್ತೇವೆ.

ಖರ್ಚು ತಲಾ 900 ರೂಪಾಯಿ. ಕೊಡಲು ಕಷ್ಟ ಇರುವವರು ಚೀಟಿಯಲ್ಲಿ ಒಂದು ಗೆರೆ ಎಳೆದರೆ ಸಾಕು, ಕಾರಣ ಬರೆಯಬೇಡಿ. ಆ ಚೀಟಿ ನಾನು ಬಿಟ್ಟು ಬೇರೆ ಯಾರೂ ನೋಡುವುದಿಲ್ಲ. ದುಡ್ಡಿನ ಕಾರಣಕ್ಕೆ ಒಂದು ಮಗುವೂ ಮನೆಯಲ್ಲಿ ಉಳಿಯಬಾರದು.

ಹಾಡಿಯಿಂದ, ಲೈನ್ ಮನೆಗಳಿಂದ ಬರುವ ಪೋಷಕರಿಗೆ ಒಂದು ಮಾತು. ನಿಮಗೆ ಗೊತ್ತಿರುವುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಲು ಬನ್ನಿ. ಹೊರಗಿನಿಂದ ಬರುವ ಸಂಪನ್ಮೂಲ ವ್ಯಕ್ತಿಗಳಿಗೆ ಶಾಲೆ ಎಷ್ಟು ಕೊಡುತ್ತದೋ ನಿಮಗೂ ಅಷ್ಟೇ ಕೊಡುತ್ತದೆ. ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಅನ್ನುವುದು ನಿಮ್ಮ ತೀರ್ಮಾನ. ಕೆಲಸದ ದಿನ ಬರಲು ಆಗದಿದ್ದರೆ ತೋಟದ ಮಾಲೀಕರ ಹತ್ತಿರ ನಾನೇ ಮಾತಾಡುತ್ತೇನೆ. ಈ ಪತ್ರ ಓದಲು ಬಾರದವರಿಗೆ ಮಕ್ಕಳೇ ಓದಿ ಹೇಳಲಿ ಅಂತ ತರಗತಿಯಲ್ಲಿ ತಿಳಿಸಿದ್ದೇನೆ.

ಒಪ್ಪಿಗೆ ಚೀಟಿಯನ್ನು ನವೆಂಬರ್ 3ರ ಒಳಗೆ ತರಗತಿ ಶಿಕ್ಷಕರಿಗೆ ಕೊಡಿ. ಅದಕ್ಕೆ ಮೊದಲಿನ ಶನಿವಾರ ಮಧ್ಯಾಹ್ನ ನಾನು ಶಾಲೆಯಲ್ಲೇ ಇರುತ್ತೇನೆ. ಏನೇ ಕೇಳುವುದಿದ್ದರೂ ಬನ್ನಿ.

ನಿಮ್ಮ,
ಮುಖ್ಯ ಶಿಕ್ಷಕಿ