ಫೋಟೋದ ಹಿಂದೆ ಪೆನ್ನಿನಲ್ಲಿ ಬರೆಯಬೇಡ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಹಳೇ ಫೋಟೋಗಳ ಪೆಟ್ಟಿಗೆ ನಿನ್ನ ಕೈಗೆ ಬಂದಿದೆ ಅಂತ ತಿಳಿದು ಖುಷಿಯಾಯಿತು. ಸ್ವಲ್ಪ ಭಯವೂ ಆಯಿತು. ನಿನ್ನ ವಯಸ್ಸಿನಲ್ಲಿ ನಾನೂ ಈ ಕೆಲಸಕ್ಕೆ ಕೈ ಹಾಕಿ ಕೆಡಿಸಿದ್ದೇನೆ. ಒಂದು ಗುಂಪಿನ ಫೋಟೋದಲ್ಲಿ ಮೂಗು ನೋಡಿ, ಇದು ನಮ್ಮ ತಾತನೇ ಅಂತ ಹಿಂದುಗಡೆ ಬಾಲ್‌ಪೆನ್ನಿನಲ್ಲಿ ಬರೆದುಬಿಟ್ಟೆ. ಅದು ತಾತನ ತಮ್ಮ! ಗೊತ್ತಾಗುವಷ್ಟರಲ್ಲಿ ನಾಲ್ಕು ಮನೆಯವರು ಆ ತಪ್ಪನ್ನೇ ನಕಲು ಮಾಡಿಕೊಂಡಿದ್ದರು. ಪೆನ್ನಿನ ಗೀರು ಬೇರೆ ಅವರ ಕೆನ್ನೆಯ ಮೇಲೆ ಎದ್ದು ಕಾಣುತ್ತಿತ್ತು. ಬರೆಯಲೇಬೇಕು ಅಂದರೆ ಮೆತ್ತನೆ ಪೆನ್ಸಿಲ್, ಅದೂ ಅಂಚಿನಲ್ಲಿ.

ಮುಖದ ಹೋಲಿಕೆ ನಂಬಬೇಡ. ಮೊದಲು ಮಕ್ಕಳನ್ನು ನೋಡು. ದೊಡ್ಡವರ ವಯಸ್ಸು ಅಂದಾಜಿಗೆ ಸಿಗುವುದಿಲ್ಲ, ಮಡಿಲ ಕೂಸಿನದು ಸಿಗುತ್ತದೆ. ಆ ಕೂಸು ಯಾರು, ಯಾವಾಗ ಹುಟ್ಟಿತು ಅಂತ ತಿಳಿದರೆ ಫೋಟೋದ ವರ್ಷ ಹೆಚ್ಚುಕಡಿಮೆ ಸಿಕ್ಕ ಹಾಗೆ. ಅದಕ್ಕೆ ಮೊದಲೇ ತೀರಿಕೊಂಡವರ ಹೆಸರು ಪಟ್ಟಿಯಿಂದ ತಾನಾಗೇ ಬಿದ್ದುಹೋಗುತ್ತದೆ.

ಫೋಟೋ ಕಾಗದವೂ ಸುಳಿವು ಕೊಡುತ್ತದೆ. ಸುಮಾರು 6 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ರಟ್ಟಿಗೆ ಅಂಟಿಸಿದ ಪುಟ್ಟ ಚಿತ್ರಗಳಿಗೆ ಪೇಟೆಂಟ್ ಆದದ್ದು 1854ರಲ್ಲಿ. ಕೊಡಾಕ್‌ನವರ ಅಗ್ಗದ ಬ್ರೌನಿ ಕ್ಯಾಮೆರಾ 1900ರಲ್ಲಿ ಬಂತು. ಆಮೇಲೆ ಸಾಮಾನ್ಯ ಜನರೂ ತಾವೇ ಸೊಟ್ಟಪಟ್ಟ ಫೋಟೋ ತೆಗೆಯತೊಡಗಿದರು. ನನಗೆ ಇಷ್ಟ ಆ ಸೊಟ್ಟ ಫೋಟೋಗಳೇ. ಆದರೆ ಹಳೇ ನೆಗೆಟಿವ್‌ನಿಂದ ಎಷ್ಟೋ ವರ್ಷದ ಮೇಲೂ ಪ್ರಿಂಟ್ ಹಾಕಿಸಬಹುದು, ಅಲ್ವಾ? ಕಾಗದದ ವಯಸ್ಸೇ ಫೋಟೋದ ವಯಸ್ಸು ಅಂದುಕೊಳ್ಳಬೇಡ.

ಕಟ್ಟಡದ ವಿಷಯದಲ್ಲಿ ಬಾಗಿಲು, ಮಾಡು, ಸುಣ್ಣಬಣ್ಣ ನೋಡಿ ಮೋಸಹೋಗಬೇಡ, ಅವೆಲ್ಲ ಬದಲಾಗುತ್ತವೆ. ಹಿಂದೆ ಕಾಣುವ ಗುಡ್ಡದ ಗೆರೆ, ನೆಲದ ಇಳಿಜಾರು ಅಷ್ಟು ಬೇಗ ಬದಲಾಗುವುದಿಲ್ಲ. ಫೋಟೋ ಹಿಡಿದು, ತೆಗೆದವರು ಎಲ್ಲಿ ನಿಂತಿದ್ದಿರಬಹುದೋ ಅಲ್ಲೇ ಹೋಗಿ ನಿಲ್ಲು. ಏನು ಮಾಡಿದರೂ ಹೊಂದದಿದ್ದರೆ ಚಿತ್ರವನ್ನು ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿ ನೋಡು. ಗಾಜಿನ ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ತೆಗೆದದ್ದೂ ಉಂಟು. ಬೋರ್ಡೇನಾದರೂ ಇದ್ದರೆ ಅಕ್ಷರ ನೋಡಿದರೆ ಸಾಕು.

ಇನ್ನು ಹಿರಿಯರನ್ನು ಕೇಳುವುದು. ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡ. ಜೋರು ಗಂಟಲಿನವರು ಹೇಳಿದ್ದಕ್ಕೆ ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ. "ಇವರು ಇಂಥವರಲ್ವಾ?" ಅಂತ ಕೇಳಬೇಡ. "ಇವರು ಯಾರು?" ಅಂತಷ್ಟೇ ಕೇಳಿ ಬಾಯಿ ಮುಚ್ಚಿಕೊಂಡು ಕಾಯಿ. ಜೆರಾಕ್ಸ್ ಪ್ರತಿಯಲ್ಲಿ ಒಂದೊಂದು ತಲೆಗೂ ನಂಬರ್ ಹಾಕಿ, ಯಾರು ಹೇಳಿದರು, ಯಾವತ್ತು ಹೇಳಿದರು, ಖಾತ್ರಿಯೋ ಊಹೆಯೋ ಅಂತ ಬರೆದಿಡು. ಇಬ್ಬರು ಎರಡು ಹೆಸರು ಹೇಳಿದರೆ ಎರಡೂ ಇರಲಿ.

ನೀನು ಕಳಿಸಿದ ಫೋಟೋದಲ್ಲಿ ಎರಡನೇ ಸಾಲಿನಲ್ಲಿ, ಎಡದಿಂದ ಮೂರನೆಯವರು ನನ್ನ ಚಿಕ್ಕಮ್ಮ ಇರಬೇಕು. "ದೊಡ್ಡಪ್ಪ ಹೇಳಿದ್ದು, ಖಾತ್ರಿಯಿಲ್ಲ" ಅಂತಲೇ ಬರೆದುಕೋ.

ಇಂತಿ,
ನಿನ್ನ ದೊಡ್ಡಪ್ಪ