ಬಲೆ ಎಳೆದವರಿಗೆ, ಎಳೆಯೋದಿಲ್ಲ ಅಂದವರಿಗೆ

ಮೊನ್ನೆ ರಿಸಲ್ಟ್ ಬಂತು. ಕೊನೆಯ ಸೆಮಿಸ್ಟರ್‌ಗೆ ಅಂತ ಮಾಡಿದ ನನ್ನ ಸಾಕ್ಷ್ಯಚಿತ್ರಕ್ಕೆ ಒಳ್ಳೆಯ ಅಂಕ ಸಿಕ್ಕಿದೆ. 18 ನಿಮಿಷದ ಚಿತ್ರ. ಕಾರವಾರದ ದಂಡೆಯಲ್ಲಿ ಈಗ ಅಪರೂಪಕ್ಕೆ ಕಾಣುವ ರಂಪಣಿ ಮೀನುಗಾರಿಕೆಯ ಬಗ್ಗೆ. ಕೊನೆಯಲ್ಲಿ ‘ನಿರ್ದೇಶನ’ ಅಂತ ನನ್ನ ಹೆಸರೊಂದೇ ಬರುತ್ತದೆ. ಎರಡು ವರ್ಷಗಳ ಓದು ಮುಗಿದ ಖುಷಿ ಇದೆ, ಆದರೆ ಆ ಒಂಟಿ ಹೆಸರು ನೋಡಿದಾಗಲೆಲ್ಲ ಸರಿ ಅನಿಸುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೆನೆಯಬೇಕಾದವರು ನನಗೆ ‘ಆಗೂದಿಲ್ಲ’ ಅಂದ ತಾಂಡೇಲಜ್ಜ. ತಾಂಡೇಲ ಅಂದರೆ ಬಲೆಯ ತಂಡದ ಮುಖ್ಯಸ್ಥ.

ನಾನು ಓದಿದ್ದು ಧಾರವಾಡದಲ್ಲಿ, ಹುಟ್ಟಿ ಬೆಳೆದದ್ದು ಕಾರವಾರದ ಕೋಡಿಬಾಗದಲ್ಲಿ. ವಿಷಯ ಆರಿಸಿ ಅಂದಾಗ ಬೇರೇನೂ ಹೊಳೆಯಲಿಲ್ಲ. ಅಜ್ಜಿ ಹೇಳುತ್ತಿದ್ದ ರಂಪಣಿಯ ಕಥೆ ತಲೆಯಲ್ಲಿ ಕೂತುಬಿಟ್ಟಿತ್ತು. ದೋಣಿಯಲ್ಲಿ ಬಲೆ ಹೇರಿಕೊಂಡು ಹೋಗಿ ಮೀನಿನ ಹಿಂಡಿನ ಸುತ್ತ ಅರ್ಧಚಂದ್ರದ ಹಾಗೆ ಬಿಟ್ಟು ಬರುವುದು. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ದಂಡೆಯಿಂದ ಊರಿಗೆ ಊರೇ ಎಳೆಯುವುದು. ದೊಡ್ಡ ರಂಪಣಿಗೆ 60–70 ಜನ ಬೇಕಾಗುತ್ತಿತ್ತು. ಬಲೆಯೂ ಒಬ್ಬರದ್ದಲ್ಲ. ಒಬ್ಬೊಬ್ಬರು ಒಂದೊಂದು ತುಂಡು ತಂದು ಜೋಡಿಸುತ್ತಿದ್ದರು, ಬಂದ ಮೀನನ್ನು ಪಾಲು ಮಾಡಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ಬಂಗಡೆ, ತಾರ್ಲೆಯ ಹಿಂಡು ದಂಡೆಗೆ ಬರುವ ಮೊದಲೇ ದೂರದಲ್ಲೇ ಸುತ್ತುಹಾಕಿ ಹಿಡಿಯುವ ಬಲೆ ಅವುಗಳದ್ದು. ದಂಡೆಯಲ್ಲಿದ್ದ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಈಗ ಅಲ್ಲಲ್ಲಿ ಉಳಿದಿರುವುದು ಹೆಚ್ಚಾಗಿ ಏಂಡಿ ಬಲೆ, ಕೈರಂಪಣಿ ಅಂತ ಕರೆಯುವ ಚಿಕ್ಕ ಬಲೆಗಳು.

ಮಾಜಾಳಿ ಕಡೆ ಅಂಥದೊಂದು ಬಲೆಯ ತಂಡ ಇದೆ ಅಂತ ಗೊತ್ತಾಗಿ ಹೋದೆ. ತಾಂಡೇಲಜ್ಜನಿಗೆ ಎಪ್ಪತ್ತು ದಾಟಿದೆ. ನನ್ನ ರಜೆ ಕಡಿಮೆ, ಕ್ಯಾಮೆರಾ ಕಾಲೇಜಿನದ್ದು, ವಾಪಸ್ ಕೊಡುವ ದಿನ ಗೊತ್ತಾಗಿತ್ತು. ನೇರವಾಗಿ ಕೇಳಿಬಿಟ್ಟೆ. “ಅಜ್ಜಾ, ನಮಗೋಸ್ಕರ ಒಂದ್ಸಲ ಬಲೆ ಬಿಡ್ತೀರಾ? ಎಲ್ಲರಿಗೂ ದಿನದ ಕೂಲಿ ಕೊಡ್ತೇನೆ.”

ಅಜ್ಜ ಸಿಟ್ಟಾಗಲಿಲ್ಲ. ಬಲೆಯ ಹರಿದ ಕಣ್ಣಿಗೆ ನೂಲು ಹಾಕುತ್ತಾ ಕೂತಿದ್ದವರು ಕೈ ನಿಲ್ಲಿಸಲೂ ಇಲ್ಲ. “ಮೀನು ಕಾಣದೇ ಬಲೆ ಬಿಡೂದಿಲ್ಲ ತಂಗಿ. ಜನ ಬರ್ತಾರೆ, ಬಂದು ಎಳೀತಾರೆ. ಏನಂತ ಕರೀಲಿ ನಾನು ಅವ್ರನ್ನ?”

ಅವತ್ತು ಸಂಜೆ ನಮಗೆ ಪಾಠ ಮಾಡುವ ಮೇಡಂಗೆ ಫೋನ್ ಮಾಡಿ ಅತ್ತುಬಿಟ್ಟೆ. ಮೇಡಂ ಸಮಾಧಾನ ಹೇಳಲಿಲ್ಲ. ಎರಡನೇ ಸೆಮಿಸ್ಟರ್‌ನಲ್ಲಿ ತೋರಿಸಿದ ‘ಮ್ಯಾನ್ ಆಫ್ ಅರಾನ್’ ಇನ್ನೊಮ್ಮೆ ನೋಡು ಅಂದರು. ರಾಬರ್ಟ್ ಫ್ಲಾಹರ್ಟಿ 1934ರಲ್ಲಿ ಮಾಡಿದ ಚಿತ್ರ ಅದು. ಐರ್ಲೆಂಡಿನ ಪಶ್ಚಿಮಕ್ಕಿರುವ ದ್ವೀಪಗಳ ಬದುಕು. ಅದರಲ್ಲಿ ದೊಡ್ಡ ಶಾರ್ಕ್ ಮೀನಿನ ಬೇಟೆ ಇದೆ, ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಆ ಬೇಟೆ ಅಲ್ಲಿ ನಿಂತು ಎಷ್ಟೋ ವರ್ಷ ಆಗಿತ್ತು. ಕ್ಯಾಮೆರಾಕ್ಕೋಸ್ಕರ ದ್ವೀಪದವರಿಗೆ ಅದನ್ನು ಹೊಸದಾಗಿ ಕಲಿಸಬೇಕಾಯಿತು. ಪರದೆಯ ಮೇಲೆ ಅಪ್ಪ, ಅಮ್ಮ, ಮಗ ಅಂತ ಕಾಣುವವರೂ ನಿಜವಾಗಿ ಒಂದು ಮನೆಯವರಲ್ಲ. ಪರೀಕ್ಷೆಯಲ್ಲಿ ನಾನು ಇದನ್ನೆಲ್ಲ ಟೀಕೆ ಮಾಡಿ ಎರಡು ಪುಟ ಬರೆದಿದ್ದೆ. ಅವತ್ತು ರಾತ್ರಿ ಮೊಬೈಲಿನಲ್ಲಿ ಆ ಅಲೆಗಳನ್ನು ನೋಡುತ್ತಾ, ಬೆಳಿಗ್ಗೆ ನಾನು ಕೊಡಲು ಹೊರಟ ಕೂಲಿ ನೆನಪಾಯಿತು.

ಮೇಡಂ ಕ್ಯಾಮೆರಾಕ್ಕೆ ಇನ್ನೂ ಎರಡು ವಾರ ಕೊಡಿಸಿದರು. ಹೇಗೆ ಕೊಡಿಸಿದರೋ, ಯಾರಿಗೆ ಹೇಳಿದರೋ, ಈವರೆಗೂ ಹೇಳಿಲ್ಲ. ಮೇಡಂ, ಆ ಎರಡು ವಾರ ಇಲ್ಲದಿದ್ದರೆ ಈ ಚಿತ್ರ ಇಲ್ಲ.

2024ರ ಅಕ್ಟೋಬರ್. ಹನ್ನೊಂದು ದಿನ ಕಾದೆ. ದಿನಾ ನಸುಕಿಗೆ ಹೋಗಿ ಅಜ್ಜನ ಪಕ್ಕ ಮಗುಚಿದ ದೋಣಿಯ ನೆರಳಲ್ಲಿ ಕೂರುವುದು. ನನಗೆ ಸಮುದ್ರ ಅಂದರೆ ನೀಲಿ, ಅಷ್ಟೇ ಇತ್ತು. ಅಜ್ಜ ಬೆರಳು ತೋರಿಸಿ ಹೇಳುತ್ತಿದ್ದರು. ಅಲ್ಲಿ ನೋಡು, ನೀರು ಕಪ್ಪಾಯ್ತು, ಅದು ಮೋಡದ ನೆರಳು. ಇಲ್ಲಿ ನೋಡು, ಗಾಳಿ ಆ ಕಡೆಯಿಂದ, ನೀರಿನ ನಡುಕ ಈ ಕಡೆಗೆ, ಅದು ಮೀನು. ಹಕ್ಕಿ ಸುಮ್ನೆ ಸುತ್ತುತ್ತಿದ್ದರೆ ಲೆಕ್ಕಕ್ಕಿಲ್ಲ, ಒಂದೇ ಕಡೆ ಧುಮುಕುತ್ತಿದ್ದರೆ ಏಳಬೇಕು. ಫ್ರೇಮ್ ಅಂದರೇನು ಅಂತ ಕ್ಲಾಸಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಓದಿದ್ದೇನೆ. ಇಷ್ಟು ಹೊತ್ತು ಒಂದೇ ಕಡೆ ನೋಡುವುದನ್ನು ಕಲಿಸಿದ್ದು ಅಜ್ಜ.

ಹನ್ನೆರಡನೇ ದಿನ ಬೆಳಿಗ್ಗೆ ಅಜ್ಜ ಎದ್ದು ನಿಂತರು. ಅಷ್ಟೇ. ಕೂಗಲಿಲ್ಲ, ಓಡಲಿಲ್ಲ. ಅವರು ನಿಂತ ರೀತಿ ನೋಡಿಯೇ ಹುಡುಗರು ದೋಣಿ ನೂಕಲು ಶುರುಮಾಡಿದರು. ಆ ಎದ್ದು ನಿಲ್ಲುವ ಶಾಟ್ ನನ್ನ ಬಳಿ ಇದೆ. ಚಿತ್ರ ಶುರುವಾಗುವುದೇ ಅಲ್ಲಿಂದ.

ಎಳೆತ ಎರಡೂವರೆ ಗಂಟೆ. ಹಾನಗಲ್ ಕಡೆಯ ನನ್ನ ರೂಮಿನ ಗೆಳತಿ ಮೈಕ್ ಹಿಡಿದಿದ್ದಳು. ಸಮುದ್ರ ನೋಡಿದ್ದು ಅದೇ ಮೊದಲು. ನಡುವೆ ತೆಂಕಣ, ಅಂದರೆ ದಕ್ಷಿಣದ ಕಡೆಯ, ಹಗ್ಗದಲ್ಲಿ ಜನ ಕಡಿಮೆ ಬಿದ್ದು ಯಾರೋ ಅವಳನ್ನು ಕೂಗಿದರು. ಅವಳು ಮೈಕನ್ನು ನನ್ನ ಕೊರಳಿಗೆ ನೇತುಹಾಕಿ ಹೋಗಿ ಹಗ್ಗ ಹಿಡಿದಳು. ಚಿತ್ರದಲ್ಲಿ ಹಸಿರು ಚೂಡಿದಾರದ ಹುಡುಗಿ ಇದ್ದಾಳಲ್ಲ, ಅವಳೇ. ಪಾಲು ಮಾಡುವಾಗ ಅಜ್ಜ ಅವಳಿಗೂ ನನಗೂ ಸೇರಿಸಿ ಎಂಟು ಬಂಗಡೆ ತೆಗೆದಿಟ್ಟರು. ಅವಳ ಅಂಗೈಯಲ್ಲಿ ಹಗ್ಗದ ಗೀರು ಎದ್ದು ಕೆಂಪಾಗಿತ್ತು. ಆ ಕೈಯನ್ನು ಮುಚ್ಚದೇ ಚಾಚಿಕೊಂಡೇ ಮನೆವರೆಗೂ ಬಂದಳು. ಆಯಿ, ಅಂದರೆ ನನ್ನ ಅಮ್ಮ, ಮಾಡಿದ ಬಂಗಡೆ ಸಾರನ್ನು ಎಡಗೈಯಲ್ಲಿ ಚಮಚ ಹಿಡಿದು ತಿಂದಳು.

ಮೈಕಿನ ವಿಷಯ ಬಂದ ಮೇಲೆ ನನ್ನ ಮಾವಶಿಗೆ, ಅಂದರೆ ಆಯಿಯ ತಂಗಿಗೆ, ಥ್ಯಾಂಕ್ಸ್ ಹೇಳದೇ ಇರಲಾಗುವುದಿಲ್ಲ. ದಂಡೆಯಲ್ಲಿ ಧ್ವನಿ ಹಿಡಿಯುವುದು ಎಷ್ಟು ಕಷ್ಟ ಅಂತ ಅಲ್ಲಿ ನಿಂತವರಿಗೇ ಗೊತ್ತು. ಗಾಳಿ ನೇರ ಮೈಕಿಗೆ ಬಡಿದು ಬರೀ ಗುರ್ರ್ ಅನ್ನುವ ಸದ್ದು. ಅದಕ್ಕೆ ಉದ್ದ ಕೂದಲಿನ ಕವಚ ಸಿಗುತ್ತದೆ, ಕೂದಲು ಗಾಳಿಯ ಹೊಡೆತವನ್ನು ಮೊದಲೇ ಮುರಿಯುತ್ತದೆ. ನಮ್ಮ ಕಿಟ್‌ನಲ್ಲಿ ಇರಲಿಲ್ಲ. ಹೊಲಿಗೆ ಮಾಡುವ ಮಾವಶಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಅವಳು ಎದ್ದು ಹೋಗಿ ಮಗಳು ಆಡಿ ಬಿಟ್ಟ ದೊಡ್ಡ ಕರಡಿ ಗೊಂಬೆ ತಂದಳು. ಬೆನ್ನಿನ ಕಡೆಯ ಬಟ್ಟೆ ಕತ್ತರಿಸಿ, ಒಳಗೆ ಸ್ಪಂಜು ಇಟ್ಟು, ಬಾಯಿಗೆ ಇಲಾಸ್ಟಿಕ್ ಹಾಕಿ ಅರ್ಧ ಗಂಟೆಯಲ್ಲಿ ಹೊಲಿದುಕೊಟ್ಟಳು. ಹಗ್ಗ ಮರಳಿನ ಮೇಲೆ ಉಜ್ಜುವ ಸದ್ದು, ಒಬ್ಬರು ಕೂಗಿ ಉಳಿದವರು ಓಗೊಡುವುದು, ಬಲೆ ಹತ್ತಿರ ಬಂದಾಗ ಮೀನು ಪಟಪಟ ಬಡಿಯುವುದು, ಎಲ್ಲ ಸ್ಪಷ್ಟವಾಗಿ ಬಂದಿದೆ. ಪರೀಕ್ಷಕರು ಧ್ವನಿಯನ್ನೇ ಹೆಚ್ಚು ಮೆಚ್ಚಿದರು. ಮಾವಶಿ, ಅದು ನಿನ್ನ ಅಂಕ.

ಆ ಧ್ವನಿಯ ಮೇಲೆ ನಾನು ಮೊದಲು ಕೊಳಲು ಹಾಕಿದ್ದೆ. ಆಗ ಮೇಡಂ ಇನ್ನೊಂದು ಕಥೆ ಹೇಳಿದರು. ಫ್ರಾನ್ಸಿನ ಜಾನ್ ರೂಶ್, 1950ರ ದಶಕದಲ್ಲಿ, ನೈಜರ್ ನದಿಯಲ್ಲಿ ನೀರಾನೆ ಬೇಟೆಯ ಚಿತ್ರ ಮಾಡಿ ಅದೇ ಬೇಟೆಗಾರರಿಗೆ ತೋರಿಸಿದರಂತೆ. ಬೇಟೆಯ ದೃಶ್ಯಕ್ಕೆ ಅವರದ್ದೇ ಊರಿನ ಸಂಗೀತ ಸೇರಿಸಿದ್ದರು. ಬೇಟೆಗಾರರು ಒಪ್ಪಲಿಲ್ಲ. ಬೇಟೆಯಲ್ಲಿ ಸದ್ದು ಮಾಡಬಾರದು, ಇಷ್ಟು ಸದ್ದು ಮಾಡಿದರೆ ನೀರಾನೆ ಓಡಿಹೋಗುತ್ತದೆ ಅಂದರು. ರೂಶ್ ಸಂಗೀತ ತೆಗೆದರು. ನಾನೂ ಕೊಳಲು ತೆಗೆದೆ. ಊರಿನವರಿಗೆ ತೋರಿಸದೇ ಚಿತ್ರ ಮುಗಿಸಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಅಷ್ಟರಲ್ಲಿ ಜನವರಿ ಬಂತು, ಹಾರ್ಡ್‌ಡಿಸ್ಕ್ ಕೈಕೊಟ್ಟಿತು.

14 ಗಂಟೆಯ ಚಿತ್ರೀಕರಣ ಅದರಲ್ಲೇ ಇತ್ತು. ಎರಡನೇ ಪ್ರತಿ ಇಟ್ಟಿರಲಿಲ್ಲ, ಅದು ನನ್ನದೇ ತಪ್ಪು. ರಿಪೇರಿಗೆ ಕೊಟ್ಟ ಅಂಗಡಿಯವರು ಮುಂಗಡ ತೆಗೆದುಕೊಂಡು ಮೂರು ವಾರ ಇಟ್ಟುಕೊಂಡು ಏನೂ ಸಿಗಲಿಲ್ಲ ಅಂತ ವಾಪಸ್ ಕೊಟ್ಟರು. ಆ ಮೂರು ವಾರ ನಾನು ಸರಿಯಾಗಿ ಊಟ ಮಾಡಿಲ್ಲ. ಕೋರ್ಸ್ ಬಿಟ್ಟು ಮನೆಗೆ ಬರ್ತೇನೆ ಅಂತ ಅಪ್ಪನಿಗೆ ಹೇಳಿದ್ದೆ. ಅಪ್ಪ ಆಯ್ತು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ರಾತ್ರಿ ಬಸ್ ಹತ್ತಿ, ಅರಬೈಲ್ ಘಟ್ಟ ಹತ್ತಿ, ಬೆಳಿಗ್ಗೆ ಹಾಸ್ಟೆಲ್ ಗೇಟಿನಲ್ಲಿ ನಿಂತಿದ್ದರು. ಚಹಾ ಕುಡಿಸಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋದರು. ಅಪ್ಪಾ, ನೀವು ಅವತ್ತು ಏನೂ ಕೇಳದೇ ಇದ್ದದ್ದಕ್ಕೆ ಥ್ಯಾಂಕ್ಸ್.

ಉಳಿಸಿದ್ದು ಮತ್ತೆ ಅದೇ ಗೆಳತಿ. ಅವಳ ಹಳೆಯ ಲ್ಯಾಪ್‌ಟಾಪಿಗೆ ದೊಡ್ಡ ಫೈಲುಗಳನ್ನು ಎಳೆಯಲು ಶಕ್ತಿ ಇರಲಿಲ್ಲ. ಹಾಗಾಗಿ ಎಡಿಟಿಂಗ್‌ಗೆ ಬೇಕಾದ ದೃಶ್ಯಗಳ ಚಿಕ್ಕ ನಕಲು ಮಾಡಿಕೊಂಡಿದ್ದಳು. ಪ್ರಾಕ್ಸಿ ಅಂತಾರೆ. ಮೂಲ ಫೈಲು ಇರುವಾಗ ಅವು ಬರೀ ಗುರುತಿಗೆ, ಕೊನೆಗೆ ಅಳಿಸಿಬಿಡುತ್ತಾರೆ. ಅವಳು ಅಳಿಸಿರಲಿಲ್ಲ. ಆ ದೃಶ್ಯಗಳ ಧ್ವನಿಯ ಫೈಲುಗಳಂತೂ ಪೂರ್ತಿಯಾಗಿ ಅವಳ ಬಳಿ ಇದ್ದವು. ಹಾಗಾಗಿ ನೀವು ನೋಡುವ ಬಲೆ ಎಳೆಯುವ ದೃಶ್ಯ ಸ್ವಲ್ಪ ಮಸುಕು. 720 ಗೆರೆಯದ್ದು. ಪರವಾಗಿಲ್ಲ ಅನ್ನುವುದಕ್ಕಿಂತ, ಅದು ಇದೆಯಲ್ಲ ಅಂತ ಈಗಲೂ ಕಣ್ಣು ತುಂಬುತ್ತದೆ.

ಮಾತುಕತೆಗಳ ನಕಲು ಮಾತ್ರ ಇರಲಿಲ್ಲ, ಅವನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ಮೀನು ಮಾರುವ ಅಕ್ಕ ಎರಡನೇ ಸಲವೂ ಬೇಸರ ಮಾಡಿಕೊಳ್ಳಲಿಲ್ಲ. ಮೊದಲ ಸಲ ಹೊಸ ಸೀರೆ ಉಟ್ಟು ಕುರ್ಚಿಯಲ್ಲಿ ಕೂತು ಬರೀ ‘ಹೌದು’, ‘ಇಲ್ಲ’ ಅಂದಿದ್ದರು. ಈ ಸಲ ಅವರೇ ಹೇಳಿದರು, “ಕೂತ್ಕೊಂಡು ಮಾತಾಡು ಅಂದ್ರೆ ನಂಗೆ ಏನೂ ನೆನಪಾಗೂದಿಲ್ಲ, ಪೇಟೆಗೆ ಬಾ.” ಮೀನು ಪೇಟೆಯಲ್ಲಿ, ಗಿರಾಕಿಗೆ ಬಂಗಡೆ ಎಣಿಸಿ ಹಾಕುತ್ತಾ, ತಮ್ಮ ತಾಯಿಯ ಕಾಲದ ಪಾಲಿನ ಲೆಕ್ಕವನ್ನೆಲ್ಲ ಹೇಳಿದರು. ಮೊದಲಿನದು ಕಳೆದದ್ದೇ ಒಳ್ಳೆಯದಾಯಿತು.

ಆದರೆ ಒಂದು ಶಾಟ್ ಮಾತ್ರ ಮತ್ತೆ ತೆಗೆಯಲು ಸಾಧ್ಯವೇ ಇರಲಿಲ್ಲ.

2024ರ ಜೂನ್‌ನಲ್ಲಿ, ಕೆಲಸ ಶುರುಮಾಡಿದ ಮೊದಲ ವಾರ, ಕೋಡಿಬಾಗದ ಕಡೆಯಿಂದ ಕಾಳಿ ನದಿಯ ಹಳೇ ಸೇತುವೆಯನ್ನು ಹಿಡಿದಿದ್ದೆ. ಜಾಗ ತೋರಿಸುವ ಶಾಟ್, ಅರ್ಧ ನಿಮಿಷ ಅಲುಗಾಡಿಸದೇ ಹಿಡಿ ಅಂತ ಮೇಡಂ ಹೇಳಿದ್ದರು. ಮಳೆ ಹನಿಯುತ್ತಿತ್ತು. ಹಿಂದೆ ಸದಾಶಿವಗಡದ ಗುಡ್ಡ. ಸೇತುವೆ ಮೇಲೆ ಒಂದು ಬಸ್ಸು, ಹಿಂದೆ ಒಂದು ಲಾರಿ. ಕೆಳಗೆ ಒಂದು ಚಿಕ್ಕ ದೋಣಿ. ಆಗಸ್ಟ್ 7ರ ನಸುಕಿನಲ್ಲಿ ಆ ಸೇತುವೆ ಕುಸಿದು ನದಿಗೆ ಬಿತ್ತು. ನಾಲ್ಕು ದಶಕ ನಾವೆಲ್ಲ ಓಡಾಡಿದ ಸೇತುವೆ. ನದಿಗೆ ಬಿದ್ದ ಲಾರಿಯ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ಜೀವಂತ ಮೇಲೆ ತಂದರು. ಆ ಅರ್ಧ ನಿಮಿಷವೂ ಈಗ ಉಳಿದಿರುವುದು ಗೆಳತಿಯ ಲ್ಯಾಪ್‌ಟಾಪಿನ ಚಿಕ್ಕ ನಕಲಾಗಿ.

ಮೇ ತಿಂಗಳಲ್ಲಿ, ಚಿತ್ರ ಕೊಡುವ ಎರಡು ವಾರ ಮೊದಲು, ಅಜ್ಜನ ಮನೆಯ ಅಂಗಳದಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ ತೋರಿಸಿದೆವು. ಪ್ರೊಜೆಕ್ಟರ್ ಗೆಳೆಯರೊಬ್ಬರ ಟ್ಯೂಶನ್ ಕ್ಲಾಸಿನದ್ದು. ಎಲ್ಲ ಸುಮ್ಮನೆ ನೋಡುತ್ತಿದ್ದರು. ಬಲೆ ಎಳೆಯುವ ದೃಶ್ಯದಲ್ಲಿ ಒಬ್ಬರು ಎದ್ದು, “ಏ ನಿಲ್ಸು, ತೆಂಕಣ ಹಗ್ಗದವ್ರು ಬಡಗಣಕ್ಕೆ ಹೆಂಗೆ ಬಂದ್ರು?” ಅಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಹಾಕಿ ನೋಡಿದೆ. ಒಂದು ಶಾಟ್‌ನಲ್ಲಿ ಸಮುದ್ರ ಎಡಕ್ಕಿದೆ. ಮುಂದಿನದರಲ್ಲಿ ಬಲಕ್ಕೆ. ಕ್ಯಾಮೆರಾ ಒಂದು ಗೆರೆಯ ಒಂದೇ ಪಕ್ಕದಲ್ಲಿರಬೇಕು ಅನ್ನುವ 180 ಡಿಗ್ರಿ ನಿಯಮವನ್ನು ಮೊದಲ ತಿಂಗಳೇ ಕಲಿಸುತ್ತಾರೆ. ಮುರಿದಿದ್ದೆ. ನಾನೂ ನೋಡಿಲ್ಲ, ಗೆಳತಿಯೂ ನೋಡಿಲ್ಲ, ಕ್ಲಾಸಿನಲ್ಲಿ ನೋಡಿದ ಹದಿನೈದು ಜನರೂ ನೋಡಿಲ್ಲ. ಹಗ್ಗ ಎಳೆದವರಿಗೆ ಒಂದೇ ಸಲಕ್ಕೆ ಕಂಡಿತು. ಎರಡರ ನಡುವೆ ನೇರ ಸಮುದ್ರಕ್ಕೆ ಮುಖಮಾಡಿದ ಶಾಟ್ ಹಾಕಿದೆ, ಎರಡೂ ಹಗ್ಗ ನೀರಿನೊಳಗೆ ಇಳಿದಿರುವುದು. ಈಗ ಸರಿಯಾಗಿದೆ. ಹೇಳಿದ ಅಣ್ಣನಿಗೆ ಅವತ್ತು ಗಡಿಬಿಡಿಯಲ್ಲಿ ಥ್ಯಾಂಕ್ಸ್ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಕೊನೆಗೆ ಸೇತುವೆ ಬಂತು. ಯಾರೂ ಮಾತಾಡಲಿಲ್ಲ. ಅರ್ಧ ನಿಮಿಷ ಮುಗಿದ ಮೇಲೆ ಮೀನು ಮಾರುವ ಅಕ್ಕ, “ಇನ್ನೊಂದ್ಸಲ ಹಾಕು” ಅಂದರು. ಹಾಕಿದೆ. ಮತ್ತೆ ಹಾಕು ಅಂದರು. ಅವತ್ತು ನಾಲ್ಕು ಸಲ ಆ ಬಸ್ಸು ಸೇತುವೆ ದಾಟಿತು. ತಾಂಡೇಲಜ್ಜ ಏನೂ ಹೇಳಲಿಲ್ಲ. ಹೊರಡುವಾಗ ನನ್ನ ತಲೆಯ ಮೇಲೆ ಕೈ ಇಟ್ಟರು.

ಚಿತ್ರವನ್ನು ಪೆನ್‌ಡ್ರೈವ್‌ಗಳಿಗೆ ಹಾಕಿಟ್ಟಿದ್ದೇನೆ. ಈ ಸಲ ಮೂರು ಕಡೆ ಪ್ರತಿ ಇದೆ. ಅದರಲ್ಲಿ ಕಾಣುವವರು ಯಾರೇ ಆಗಲಿ, ಕೋಡಿಬಾಗದ ನಮ್ಮ ಮನೆಗೆ ಬಂದು ಆಯಿಯ ಹತ್ತಿರ ಕೇಳಿ, ಕೊಡುತ್ತಾಳೆ. ಕೊನೆಯ ಹೆಸರಿನ ಪಟ್ಟಿಯನ್ನು ಈ ವಾರ ಮತ್ತೆ ಮಾಡುತ್ತಿದ್ದೇನೆ. ಅವತ್ತು ಹಗ್ಗ ಹಿಡಿದ 34 ಜನರಲ್ಲಿ 31 ಹೆಸರು ಸಿಕ್ಕಿವೆ. ಬಡಗಣ ಹಗ್ಗದ ತುದಿಯಲ್ಲಿ ನೀಲಿ ಟೊಪ್ಪಿ ಹಾಕಿದ್ದವರು, ಅವರ ಪಕ್ಕದ ಇಬ್ಬರು ಹುಡುಗರು ಯಾರು ಅಂತ ಗೊತ್ತಿದ್ದರೆ ದಯವಿಟ್ಟು ತಿಳಿಸಿ.